ಎಳೆಯ ಸವಾರಿ ಕುದುರೆಯೊಂದಿಗೆ ನಂಬಿಕೆಯ ಒಡನಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಸವಾರಿಯನ್ನು ಇನ್ನೂ ಕಲಿಯದ, ಅಥವಾ ಈಗಷ್ಟೇ ಕಲಿಯತೊಡಗಿದ, ಮೂರರಿಂದ ಐದು ವರ್ಷದೊಳಗಿನ ಕುದುರೆಯ ಹೊಣೆ ಹೊತ್ತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಹಿಂದೆ ಮನುಷ್ಯರಿಂದ ಪೆಟ್ಟು ತಿಂದು ಕೆಟ್ಟಿರುವ ದೊಡ್ಡ ಕುದುರೆಗಳ ವಿಷಯ ಬೇರೆಯದಾದ್ದರಿಂದ ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

ಕುದುರೆ ನನ್ನನ್ನು ನಂಬಿದೆ ಎಂದು ತಿಳಿಯುವುದು ಹೇಗೆ?

ಬಹಳಷ್ಟು ಜನ ನಂಬಿಕೆಯನ್ನೂ ಅಕ್ಕರೆಯನ್ನೂ ಒಂದೇ ಎಂದು ಭಾವಿಸುತ್ತಾರೆ. ಕುದುರೆ ಹಿಂದೆ ಹಿಂದೆಯೇ ಬರುವುದು, ಜೇಬಿಗೆ ಮೂಗು ತೂರಿಸುವುದು, ದೂರದಿಂದ ಕಂಡೊಡನೆ ಕೆನೆಯುವುದು ಸಂತೋಷದ ಸಂಗತಿಗಳೇ ಆದರೂ ಅವುಗಳಲ್ಲಿ ಹೆಚ್ಚಿನವು ಮೇವಿನ ಹೊತ್ತಿಗೆ ಅಂಟಿಕೊಂಡ ಅಭ್ಯಾಸಗಳು. ಕುದುರೆ ಮೂಲತಃ ಬೇಟೆಗೆ ಬಲಿಯಾಗುವ ಪ್ರಾಣಿ. ಅನುಮಾನ ಬಂದರೆ ಮೊದಲು ಓಡಿ ಆಮೇಲೆ ತಿರುಗಿ ನೋಡುವುದು ಅದರ ಹುಟ್ಟುಗುಣ. ಅಂಥ ಪ್ರಾಣಿಯ ಪಾಲಿಗೆ ನಂಬಿಕೆ ಎಂದರೆ, ಈ ಮನುಷ್ಯ ಪಕ್ಕದಲ್ಲಿದ್ದಾಗ ಮುಂದೇನಾಗುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ, ಆಗುವುದೆಲ್ಲ ತಾನು ತಾಳಿಕೊಳ್ಳುವಂಥದ್ದೇ ಆಗಿರುತ್ತದೆ ಎಂಬ ಅನುಭವ. ಈ ಪುಟದ ಉಳಿದ ಉತ್ತರಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಪರೀಕ್ಷಿಸಬೇಕೆಂದರೆ ಅನಿರೀಕ್ಷಿತವಾದ ಸದ್ದೊಂದು ಕೇಳಿಬಂದಾಗ ಅದರ ಕಿವಿಗಳನ್ನು ಗಮನಿಸಿ. ಕುದುರೆಯ ಎರಡು ಕಿವಿಗಳೂ ಒಂದರ ಹಂಗಿಲ್ಲದೆ ಇನ್ನೊಂದು ಹೊರಳಬಲ್ಲವು. ಎರಡೂ ಸದ್ದಿನತ್ತಲೇ ಸೆಟೆದು, ಕತ್ತು ಮೇಲೇರಿ, ಮೂಗಿನ ಹೊಳ್ಳೆ ಬಿಗಿದು, ಬಾಲ ಒತ್ತಿಕೊಂಡರೆ ಆ ಕ್ಷಣದಲ್ಲಿ ನೀವು ಅದರ ಲೆಕ್ಕದಲ್ಲಿಲ್ಲ. ಒಂದು ಕಿವಿ ಸದ್ದಿನತ್ತ ನೆಟ್ಟಿದ್ದರೂ ಇನ್ನೊಂದು ನಿಮ್ಮ ಕಡೆ ಹೊರಳಿತು ಎಂದರೆ ನೀವೇನು ಹೇಳುತ್ತೀರಿ ಎಂದು ಅದು ಕೇಳುತ್ತಿದೆ ಎಂದರ್ಥ, ಮತ್ತು ಅಷ್ಟು ಸಿಕ್ಕರೆ ಮುಂದಿನ ಕೆಲಸಕ್ಕೆ ಬೇಕಾದಷ್ಟಾಯಿತು.

ಯಾವ ವಯಸ್ಸಿನಲ್ಲಿ ಬೆನ್ನೇರಬಹುದು?

ಪಂದ್ಯದ ಕುದುರೆಗಳನ್ನು ಎರಡು ವರ್ಷಕ್ಕೇ ಓಡಿಸುತ್ತಾರೆ ಎಂಬ ಕಾರಣಕ್ಕೆ ನಿಮ್ಮ ಕುದುರೆಯೂ ಸಿದ್ಧವಾಗಿದೆ ಎಂದುಕೊಳ್ಳಬೇಡಿ. ಕುದುರೆಯ ಎಲುಬುಗಳಲ್ಲಿ ಬೆಳವಣಿಗೆ ನಡೆಯುವ ಮೆದು ಭಾಗಗಳು ಗೊರಸಿನ ಕಡೆಯಿಂದ ಮೇಲಕ್ಕೆ ಒಂದೊಂದಾಗಿ ಗಟ್ಟಿಯಾಗುತ್ತ ಹೋಗುತ್ತವೆ. ಕಾಲಿನ ಕೆಳತುದಿಯವು ಮೊದಲ ವರ್ಷದಲ್ಲೇ ಮುಚ್ಚಿದರೆ, ಮುಂಗಾಲಿನ ಮಂಡಿಯ ಮೇಲಿನದಕ್ಕೆ ಸುಮಾರು 2ರಿಂದ 2.5 ವರ್ಷ ಬೇಕು. ಸವಾರರ ಭಾರ ನೇರವಾಗಿ ಬೀಳುವ ಬೆನ್ನುಮೂಳೆಯ ಮಣಿಗಳು 5 ವರ್ಷ ದಾಟುವವರೆಗೂ ಬೆಳೆಯುತ್ತಲೇ ಇರುತ್ತವೆ. ಹಾಗೆಂದು ಅಲ್ಲಿಯವರೆಗೆ ಕುದುರೆಯನ್ನು ಕಟ್ಟಿಹಾಕುವುದೂ ತಪ್ಪು, ಏಕೆಂದರೆ ಎಳವೆಯಲ್ಲಿ ಬಯಲಿನಲ್ಲಿ ಓಡಾಡಿದ ಕುದುರೆಯ ಎಲುಬು ಹೆಚ್ಚು ಬಲವಾಗಿರುತ್ತದೆ. ಮೂರು ತುಂಬಿದ ಮೇಲೆ ಭಾರವಿಲ್ಲದ ಪಾಠಗಳು ಮತ್ತು ಆಗಾಗ ಕೆಲವೇ ನಿಮಿಷಗಳ ನಡಿಗೆಯ ಸವಾರಿ, ನಾಲ್ಕರ ನಂತರ ಕ್ರಮಬದ್ಧವಾದ ಹಗುರ ಕೆಲಸ, ಐದೂವರೆಯ ಹೊತ್ತಿಗೆ ಪೂರ್ಣ ಕೆಲಸ ಎಂಬುದು ನನ್ನ ದೃಷ್ಟಿಯಲ್ಲಿ ನ್ಯಾಯವಾದ ಕ್ರಮ.

ಭಾರದ ವಿಷಯದಲ್ಲಿ, ಸವಾರರು ಮತ್ತು ಜೀನು ಸೇರಿ ಕುದುರೆಯ ತೂಕದ ಶೇಕಡಾ 20ನ್ನು ಮೀರಬಾರದು ಎಂಬ ರೂಢಿಯ ಮಿತಿಯಿದೆ. 450 ಕಿಲೋ ತೂಗುವ ಕುದುರೆಗೆ ಅದು 90 ಕಿಲೋ ಆಗುತ್ತದೆ. ಈ ಮಿತಿ ಬೆಳೆದು ಪಳಗಿದ ಕುದುರೆಯದು. ಎಳೆಯದಕ್ಕೆ ಅದಕ್ಕಿಂತ ಸಾಕಷ್ಟು ಕಡಿಮೆಯಿರಲಿ.

ಹೊಸದಾಗಿ ಬಂದ ಕುದುರೆಯೊಂದಿಗೆ ಮೊದಲ ದಿನಗಳಲ್ಲಿ ಏನು ಮಾಡಬೇಕು?

ಪಾಠವನ್ನು ಶುರು ಮಾಡುವ ಮೊದಲು ಹತ್ತಿರ ಹೋಗುವ ರೀತಿಯನ್ನು ಸರಿಮಾಡಿಕೊಳ್ಳಿ. ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ ಕುದುರೆಗೆ ಸುಮಾರು 350 ಡಿಗ್ರಿಯಷ್ಟು ಸುತ್ತಲಿನ ನೋಟ ದಕ್ಕುತ್ತದೆ, ಆದರೆ ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಮತ್ತು ಬಾಲದ ನೇರ ಹಿಂದೆ ಅದಕ್ಕೆ ಏನೂ ಕಾಣುವುದಿಲ್ಲ. ಪ್ರೀತಿಯಿಂದ ಹಣೆ ತಟ್ಟಲು ನೇರವಾಗಿ ಕೈ ಚಾಚುವವರ ಕೈ ಅರ್ಧ ದಾರಿಯಲ್ಲಿ ಅದರ ಕಣ್ಣಿಗೆ ಮರೆಯಾಗುತ್ತದೆ. ಎಳೆಯ ಕುದುರೆ ತಲೆ ಎಗರಿಸುವುದು ಆ ಕ್ಷಣದಲ್ಲೇ. ಆದ್ದರಿಂದ ಭುಜದ ಕಡೆಗೆ ಓರೆಯಾಗಿ ನಡೆದು ಹೋಗಿ, ಒಂದು ಕೈಯಳತೆ ದೂರದಲ್ಲಿ ನಿಂತು, ಅದೇ ಮೂಗು ಚಾಚಿ ಮೂಸುವವರೆಗೆ ಕಾಯಿರಿ.

ಕತ್ತು ಮುಗಿದು ಬೆನ್ನು ಶುರುವಾಗುವ ಉಬ್ಬಿನಲ್ಲಿ, ಕತ್ತಿನ ಕೂದಲಿನ ಬುಡದಲ್ಲಿ ಬೆರಳ ತುದಿಯಿಂದ ಬಲವಾಗಿ ಕೆರೆಯಿರಿ. ಕುದುರೆಗಳು ಗೆಳೆತನದಲ್ಲಿ ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಇದೇ. ಇಲ್ಲಿ ಕೆರೆದಾಗ ಹೃದಯದ ಬಡಿತ ಇಳಿಯುತ್ತದೆ ಎಂಬುದನ್ನು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಸರಿಯಾದ ಜಾಗ ಸಿಕ್ಕರೆ ಕುದುರೆಯ ಮೇಲ್ತುಟಿ ಉದ್ದವಾಗಿ, ಸ್ವಲ್ಪ ವಕ್ರವಾಗಿ ನಡುಗತೊಡಗುತ್ತದೆ. ಕತ್ತು ಮುಂದಕ್ಕೆ ಚಾಚಿ ಕಣ್ಣು ಅರೆಮುಚ್ಚುತ್ತದೆ. ಬೆನ್ನು ಚಪ್ಪರಿಸುವ ಅಭ್ಯಾಸ ಸವಾರರಲ್ಲಿ ಎಷ್ಟೇ ಹಳೆಯದಾದರೂ ಕುದುರೆಯ ಲೋಕದಲ್ಲಿ ಅದಕ್ಕೆ ಅರ್ಥವಿಲ್ಲ.

ಕುದುರೆ ದೂರ ಸರಿಯುವ ಮೊದಲೇ ನೀವೇ ಹೊರಡಿ. ನಾಲ್ಕೂ ಕಾಲುಗಳನ್ನು ಎತ್ತಿಸಿಕೊಳ್ಳುವುದನ್ನು, ಕಟ್ಟಿದಲ್ಲಿ ನಿಲ್ಲುವುದನ್ನು, ಬಾಯಿಯ ಮೂಲೆಗೆ ಬೆರಳಿಡಲು ಬಿಡುವುದನ್ನು ಈ ದಿನಗಳಲ್ಲೇ ಅಭ್ಯಾಸ ಮಾಡಿಸಿ. ಲಾಳ ಹೊಡೆಯುವವರು ಮತ್ತು ಪಶುವೈದ್ಯರು ಬಂದ ದಿನ ಇವನ್ನು ಮೊದಲ ಬಾರಿಗೆ ಕಲಿಸಹೊರಟರೆ ಅಷ್ಟರವರೆಗೆ ಕಟ್ಟಿದ್ದು ಅರ್ಧ ಗಂಟೆಯಲ್ಲಿ ಕುಸಿಯುತ್ತದೆ.

ಒತ್ತಡ ಹಾಕಿ ಕಲಿಸುವುದು ನಂಬಿಕೆಗೆ ವಿರುದ್ಧವಲ್ಲವೇ?

ಲಗಾಮು, ಕಾಲಿನ ಒತ್ತು, ಹಗ್ಗದ ಎಳೆತ ಎಲ್ಲವೂ ಒತ್ತಡಗಳೇ, ಅವಿಲ್ಲದೆ ಸವಾರಿಯಿಲ್ಲ. ಆದರೆ ಕುದುರೆ ಕಲಿಯುವುದು ಒತ್ತಡ ನಿಂತ ಕ್ಷಣದಿಂದ. ತಾನು ಯಾವುದನ್ನು ಮಾಡುತ್ತಿದ್ದಾಗ ಒತ್ತಡ ಮಾಯವಾಯಿತೋ ಅದೇ ಸರಿಯಾದ ಉತ್ತರವೆಂದು ಅದು ಗ್ರಹಿಸುತ್ತದೆ, ಮತ್ತು ಈ ಗ್ರಹಿಕೆ ನಮ್ಮ ಉದ್ದೇಶವನ್ನು ಕೇಳುವುದಿಲ್ಲ.

ಹಿಂದೆ ಸರಿಯುವುದನ್ನು ಕಲಿಸುವ ಸರಳ ಪಾಠವನ್ನೇ ತೆಗೆದುಕೊಳ್ಳಿ. ಕುದುರೆಯ ಮುಂದೆ ಸ್ವಲ್ಪ ಓರೆಯಾಗಿ ನಿಂತು ಹಗ್ಗವನ್ನು ಅದರ ಎದೆಯ ಕಡೆಗೆ ಎರಡು ಬೆರಳಿನಷ್ಟು ಬಲದಿಂದ ಒತ್ತಿ ಹಿಡಿದು ಕಾಯಿರಿ. ಮೊದಲು ಅದು ತಲೆ ಎತ್ತಬಹುದು, ಪಕ್ಕಕ್ಕೆ ವಾಲಬಹುದು, ಮುಂದೆ ನುಗ್ಗಲೂಬಹುದು. ಒತ್ತಡ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಸ್ವಲ್ಪ ಹೊತ್ತಿಗೆ ಅದರ ಭಾರ ಹಿಂಗಾಲಿಗೆ ಜಾರಿ ಮುಂಗಾಲೊಂದರ ಗೊರಸು ಹಗುರವಾಗುತ್ತದೆ. ಹೆಜ್ಜೆ ಇನ್ನೂ ಬಿದ್ದಿಲ್ಲ, ಆದರೆ ಬೆರಳು ಸಡಿಲಿಸಬೇಕಾದ ಗಳಿಗೆ ಅದೇ. ಅಲ್ಲಿ ಬಿಟ್ಟವರಿಗೆ ಕೆಲವೇ ಪ್ರಯತ್ನಗಳಲ್ಲಿ ಪೂರ್ತಿ ಹೆಜ್ಜೆ ಸಿಗುತ್ತದೆ, ಬರಬರುತ್ತ ಬೆರಳು ಹಗ್ಗಕ್ಕೆ ತಾಗುವ ಮೊದಲೇ ಕುದುರೆ ಸರಿಯುತ್ತದೆ. ಹೆಜ್ಜೆ ಬಿದ್ದ ಮೇಲೂ ಖಾತ್ರಿಗಾಗಿ ಎರಡು ಕ್ಷಣ ಎಳೆದು ಹಿಡಿದವರು, ಸರಿಯಾದ ಉತ್ತರ ಕೊಟ್ಟರೂ ಒತ್ತಡ ಹೋಗುವುದಿಲ್ಲ ಎಂಬ ಪಾಠವನ್ನು ಕಲಿಸುತ್ತಿದ್ದಾರೆ. ಸವಾರಿಯಲ್ಲಿ ಬಾಯಿ ಮೊಂಡಾದ, ಪಕ್ಕೆ ಮರಗಟ್ಟಿದ ಕುದುರೆಗಳು ತಯಾರಾಗುವುದು ಹೀಗೆಯೇ. ಮುಂದೆ ಹೋಗೆಂದು ಕಾಲು ಒತ್ತುತ್ತ, ಅದೇ ಕ್ಷಣದಲ್ಲಿ ಹೆದರಿ ಲಗಾಮು ಎಳೆದರಂತೂ ಯಾವ ಉತ್ತರವೂ ಸರಿಯಲ್ಲದ ಪ್ರಶ್ನೆಯೊಂದನ್ನು ಕುದುರೆಯ ಮುಂದೆ ಇಟ್ಟಂತಾಗುತ್ತದೆ.

ಎಷ್ಟು ಸಣ್ಣ ಸೂಚನೆಯನ್ನು ಕುದುರೆ ಓದಬಲ್ಲದು ಎಂಬುದಕ್ಕೆ ಬರ್ಲಿನ್‌ನ ಹಾನ್ಸ್ ಎಂಬ ಕುದುರೆಯ ಕಥೆ ಪ್ರಸಿದ್ಧವಾಗಿದೆ. ಅದು ಗೊರಸು ಬಡಿದು ಲೆಕ್ಕಗಳಿಗೆ ಉತ್ತರ ಕೊಡುತ್ತಿತ್ತು. 1907ರಲ್ಲಿ ಮನಶ್ಶಾಸ್ತ್ರಜ್ಞ ಓಸ್ಕರ್ ಫುಂಗ್ಸ್ಟ್ ಪರೀಕ್ಷಿಸಿ ನೋಡಿದಾಗ, ಪ್ರಶ್ನೆ ಕೇಳಿದವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅಥವಾ ಅವರು ಕಣ್ಣಿಗೆ ಬೀಳದಿದ್ದರೆ ಹಾನ್ಸ್ ಸೋಲುತ್ತಿತ್ತು. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ ಅವರಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುವುದನ್ನು ಅದು ಹಿಡಿಯುತ್ತಿತ್ತು. ಇಷ್ಟು ಸೂಕ್ಷ್ಮವಾಗಿ ನೋಡುವ ಪ್ರಾಣಿಗೆ ಮೇಲಿಂದ ಮೇಲೆ ಒದೆದು ಹೇಳಬೇಕಾದ ಮಾತು ಯಾವುದೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ತಿಂಡಿ ಕೊಟ್ಟು ಕಲಿಸಬಹುದೇ?

ಕಲಿಸಬಹುದು, ಮತ್ತು ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ತಿಂಡಿ ಬರುವುದು ಬೇಕಾದ ಕೆಲಸ ನಡೆದ ಒಂದೆರಡು ಸೆಕೆಂಡುಗಳೊಳಗೆ, ಮತ್ತು ಕುದುರೆಯ ತಲೆ ಅದರದೇ ಜಾಗದಲ್ಲಿ ನೇರವಾಗಿರುವಾಗ ಮಾತ್ರ. ಕೈಯನ್ನು ತಡವಿ ಕೇಳಿದಾಗಲೆಲ್ಲ ಕೊಡುತ್ತ ಹೋದರೆ ತಡವುವುದು ಕಚ್ಚುವುದಕ್ಕೆ ತಿರುಗುತ್ತದೆ. ಆಗ ತಿಂಡಿಯನ್ನು ದೂರುವುದಕ್ಕಿಂತ ಕೊಟ್ಟ ಗಳಿಗೆಯನ್ನು ತಿದ್ದಿಕೊಳ್ಳುವುದು ಮೇಲು.

ಯಜಮಾನ ಯಾರೆಂಬುದನ್ನು ಮೊದಲು ತೋರಿಸಬೇಕು ಎನ್ನುತ್ತಾರಲ್ಲ?

ಎನ್ನುವವರು ಬಹಳ ಜನ ಇದ್ದಾರೆ. ಕುದುರೆಗಳ ಗುಂಪಿನಲ್ಲಿ ಮೇವಿನ ಬಳಿ ಯಾರು ಯಾರಿಗೆ ದಾರಿ ಬಿಡಬೇಕು ಎಂಬ ಲೆಕ್ಕಾಚಾರ ಇರುವುದು ನಿಜ, ಆದರೆ ಮನುಷ್ಯರನ್ನು ಕುದುರೆ ಆ ಏಣಿಯಲ್ಲಿ ನಿಲ್ಲಿಸಿ ನೋಡುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ದುಂಡು ಬೇಲಿಯೊಳಗೆ ಕುದುರೆಯನ್ನು ಸುಸ್ತಾಗುವವರೆಗೆ ಓಡಿಸಿ, ಕೊನೆಗೆ ಅದು ಹತ್ತಿರ ಬಂದಾಗ ನನ್ನನ್ನು ನಾಯಕನೆಂದು ಒಪ್ಪಿತು ಎಂದು ಹೇಳುವ ವಿಧಾನ ನೋಡುವವರಿಗೆ ಸೊಗಸಾಗಿ ಕಾಣುತ್ತದೆ. ಅಲ್ಲಿ ನಡೆಯುವುದೂ ಒತ್ತಡ ಮತ್ತು ಬಿಡುಗಡೆಯ ಪಾಠವೇ: ದೂರವಿದ್ದರೆ ಅಟ್ಟುತ್ತಾರೆ, ಹತ್ತಿರ ಬಂದರೆ ಬಿಡುತ್ತಾರೆ. ಅದೇ ಪಾಠವನ್ನು ಅಷ್ಟು ಹೆದರಿಕೆಯಿಲ್ಲದೆ ಕಲಿಸಲು ಸಾಧ್ಯವಿರುವಾಗ ನಾನು ಆ ದಾರಿಯನ್ನು ಶಿಫಾರಸು ಮಾಡುವುದಿಲ್ಲ.

ಇದರ ಅರ್ಥ ಕುದುರೆ ಮೈಮೇಲೆ ಬಿದ್ದರೂ ಸುಮ್ಮನಿರಬೇಕು ಎಂದಲ್ಲ. ನಿಮ್ಮ ಸುತ್ತ ಒಂದು ತೋಳಿನ ಅಂತರವನ್ನು ಅದು ಕಾಯ್ದುಕೊಳ್ಳಬೇಕು, ಈ ನಿಯಮ ಪ್ರತಿದಿನವೂ ಒಂದೇ ಆಗಿರಬೇಕು. ಸೋಮವಾರ ಭುಜಕ್ಕೆ ತಲೆ ತಿಕ್ಕಲು ಬಿಟ್ಟು ಮಂಗಳವಾರ ಅದಕ್ಕೇ ಗದರಿದರೆ ಕುದುರೆಯ ಪಾಲಿಗೆ ನೀವು ಅಂದಾಜಿಗೆ ಸಿಗದ ವ್ಯಕ್ತಿ.

ಹೆದರುವ ವಸ್ತುಗಳಿಗೆ ಹೇಗೆ ಒಗ್ಗಿಸುವುದು?

ದೂರದಿಂದ ಶುರು ಮಾಡಬೇಕು. ನೀಲಿ ಪ್ಲಾಸ್ಟಿಕ್ ಹಾಳೆಯೊಂದನ್ನು ನೋಡಿ ಕುದುರೆ ಇಪ್ಪತ್ತು ಹೆಜ್ಜೆಯ ಅಂತರದಲ್ಲಿ ಕಿವಿ ನೆಟ್ಟು ನಿಂತರೆ, ಕೆಲಸದ ಜಾಗ ಅದೇ. ಅಲ್ಲಿಂದ ಮುಂದೆ ಎಳೆಯಬೇಡಿ. ಕತ್ತು ಇಳಿದು, ಉಸಿರು ಬಿಟ್ಟು, ತುಟಿ ಅಲುಗಿದ ಮೇಲೆ ಮೊದಲು ವಸ್ತುವಿನಿಂದ ದೂರ ಕರೆದುಕೊಂಡು ಹೋಗಿ, ಮತ್ತೆ ಹಿಂದಿರುಗುವಾಗ ಒಂದೆರಡು ಹೆಜ್ಜೆ ಹೆಚ್ಚು ಹತ್ತಿರ ಹೋಗಿ. ಕಟ್ಟಿಹಾಕಿ, ಒದ್ದಾಟ ನಿಲ್ಲುವವರೆಗೆ ಹಾಳೆಯನ್ನು ಮೈಮೇಲೆ ಬಡಿಯುವ ಪದ್ಧತಿಯೂ ಚಾಲ್ತಿಯಲ್ಲಿದೆ. ಅದರ ಕೊನೆಯಲ್ಲಿ ಕಾಣುವ ಶಾಂತಿ ಎಷ್ಟೋ ಸಲ ಕೈಚೆಲ್ಲಿದ ಪ್ರಾಣಿಯದು, ಆ ಭಯ ಸವಾರಿಯ ನಡುವೆ ಎಂದಾದರೊಂದು ದಿನ ಮತ್ತೆ ಏಳುತ್ತದೆ.

ನೆನಪಿಡಬೇಕಾದ ಇನ್ನೆರಡು ಸಂಗತಿಗಳಿವೆ. ಎಡಗಡೆಯಿಂದ ನೋಡಿ ಒಪ್ಪಿಕೊಂಡ ವಸ್ತುವನ್ನೇ ವಾಪಸು ಬರುವಾಗ ಬಲಗಡೆಯಿಂದ ಕಂಡು, ಅಥವಾ ಅದರ ದಿಕ್ಕು ತಿರುಗಿದ್ದನ್ನು ಕಂಡು ಕುದುರೆ ಬೆದರಬಹುದು; ಅದರ ಪಾಲಿಗೆ ಅದು ಹೊಸ ನೋಟ, ಆದ್ದರಿಂದ ಎರಡೂ ಕಡೆಯಿಂದ ತೋರಿಸಿ. ಹಾಗೆಯೇ ಬಿಸಿಲಿನಿಂದ ಕತ್ತಲ ಲಾಯಕ್ಕೋ ವಾಹನದೊಳಕ್ಕೋ ಕಾಲಿಡುವಾಗ ಅದರ ಕಣ್ಣು ಹೊಂದಿಕೊಳ್ಳಲು ನಮಗಿಂತ ಹೆಚ್ಚು ಸಮಯ ಬೇಕು. ಬಾಗಿಲಲ್ಲಿ ನಿಂತ ಕುದುರೆಯನ್ನು ಮೊಂಡು ಎಂದು ಬೈಯುವ ಮೊದಲು ಅದಕ್ಕೆ ಒಳಗೇನಾದರೂ ಕಾಣುತ್ತಿದೆಯೇ ಎಂದು ಯೋಚಿಸಿ.

ಮೊದಲ ಬಾರಿ ಜೀನು ಕಟ್ಟುವಾಗ ಮತ್ತು ಹತ್ತುವಾಗ ಏನನ್ನು ಗಮನಿಸಬೇಕು?

ಜೀನಿಗಿಂತ ಅದನ್ನು ಬಿಗಿಯುವ ಹೊಟ್ಟೆಪಟ್ಟಿಯೇ ಹೆಚ್ಚು ಕುದುರೆಗಳನ್ನು ಹೆದರಿಸುತ್ತದೆ. ಕೆಲವು ದಿನ ಮೊದಲು ಬೆನ್ನಿನ ಮೇಲೆ ಬಟ್ಟೆಯನ್ನಷ್ಟೇ ಹಾಕಿ, ಎದೆಯ ಸುತ್ತ ಮೆದುವಾದ ಹಗ್ಗವೊಂದನ್ನು ಕೈಯಲ್ಲೇ ಹಿಡಿದು ಬಿಗಿದು ಸಡಿಲಿಸುತ್ತ ಅಭ್ಯಾಸ ಮಾಡಿಸಿ. ಪಟ್ಟಿಯನ್ನು ಮೊದಲು ಜೀನು ಜಾರದಷ್ಟು ಮಾತ್ರ ಬಿಗಿದು, ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿ, ನಂತರ ಒಂದು ರಂಧ್ರ ಮೇಲಕ್ಕೆ ಹಾಕಿ. ನಿಂತಲ್ಲಿ ಸುಮ್ಮನಿದ್ದ ಕುದುರೆ ಮೊದಲ ಹೆಜ್ಜೆಯಲ್ಲಿ ಪಟ್ಟಿಯ ಬಿಗಿತ ಎದೆಗೆ ತಾಗಿದ ಕೂಡಲೇ ಬೆನ್ನು ಕಮಾನಿನಂತೆ ಬಗ್ಗಿಸಿ ಎಗರುವುದುಂಟು. ಆ ಹೆಜ್ಜೆಯ ಹೊತ್ತಿಗೆ ನೀವು ಭುಜದ ಪಕ್ಕದಲ್ಲಿರಬೇಕು, ಎದುರಿಗೆ ಇರಬಾರದು. ಹಗ್ಗವನ್ನು ಯಾವ ಕಾರಣಕ್ಕೂ ಕೈಗೆ ಸುತ್ತಿಕೊಳ್ಳಬಾರದು.

ಹತ್ತಲು ನೆಲದಿಂದ ರಿಕಾಪಿಗೆ ನೇತುಬೀಳುವುದಕ್ಕಿಂತ ಎತ್ತರದ ಕಟ್ಟೆಯೊಂದನ್ನು ಬಳಸಿ, ಏಕೆಂದರೆ ನೆಲದಿಂದ ಹತ್ತಿದರೆ ಜೀನು ಒಂದೇ ಬದಿಗೆ ವಾಲಿ ಬೆನ್ನುಮೂಳೆಯನ್ನು ತಿರುಚುತ್ತದೆ. ಮೊದಲು ಕಟ್ಟೆಯ ಮೇಲೆ ಸುಮ್ಮನೆ ನಿಲ್ಲಿ. ಮನುಷ್ಯರನ್ನು ತಲೆಯ ಮೇಲಿಂದ ನೋಡಿದ ಅನುಭವ ಅದಕ್ಕಿರುವುದಿಲ್ಲ. ನಂತರ ನಿಮ್ಮ ಹೊಟ್ಟೆ ಊರಿ ಅದರ ಬೆನ್ನಿಗೆ ಅಡ್ಡ ಒರಗಿ ಅರ್ಧ ಭಾರ ಹಾಕಿ ಇಳಿಯುವುದು, ಆಮೇಲೆ ಕಾಲು ದಾಟಿಸಿ ಕೂತು ಕೂಡಲೇ ಇಳಿಯುವುದು. ತಲೆಯ ಬಳಿ ಕುದುರೆಗೆ ಪರಿಚಯವಿರುವ, ಅನುಭವವುಳ್ಳ ಇನ್ನೊಬ್ಬರು ನಿಂತಿರಬೇಕು, ಹೆಲ್ಮೆಟ್ ಇಲ್ಲದೆ ಹತ್ತಲೇಬಾರದು. ಮೊದಲ ದಿನ ನಡಿಗೆಯೂ ಬೇಕಾಗಿಲ್ಲ. ಹತ್ತಿದ ಮೇಲೆ ಕುದುರೆ ಹೊರಳಿ ನಿಮ್ಮ ಪಾದವನ್ನು ಮೂಸಿದರೆ ಒಳ್ಳೆಯ ಲಕ್ಷಣ, ಮೂಸಲು ಬಿಡಿ.

ದಿನಕ್ಕೆ ಎಷ್ಟು ಹೊತ್ತು ಪಾಠ ಮಾಡಬೇಕು?

ಹದಿನೈದು, ಇಪ್ಪತ್ತು ನಿಮಿಷ ಸಾಕು, ಪ್ರತಿದಿನವೂ ಬೇಕಾಗಿಲ್ಲ. 1980ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದಿನವೂ ಪಾಠ ಕಲಿತ ಪೋನಿಗಳಿಗಿಂತ ವಾರಕ್ಕೊಮ್ಮೆ ಕಲಿತವು ಕಡಿಮೆ ಪಾಠಗಳಲ್ಲೇ ಕೆಲಸವನ್ನು ಕರಗತ ಮಾಡಿಕೊಂಡವು. ನಡುವಿನ ಬಿಡುವು ವ್ಯರ್ಥವಲ್ಲ ಎಂಬುದಕ್ಕೆ ಅಷ್ಟು ಆಧಾರ ಸಾಕೆನಿಸುತ್ತದೆ. ಒಳ್ಳೆಯ ಪ್ರಯತ್ನ ಬಂದ ಕೂಡಲೇ ನಿಲ್ಲಿಸಿ. ಇನ್ನೊಂದೇ ಸಲ ಎಂಬ ಆಸೆಗೆ ಬಿದ್ದವರು ಸಾಮಾನ್ಯವಾಗಿ ಸುಸ್ತಾದ ಕುದುರೆಯ ತಪ್ಪಿನಲ್ಲಿ ಪಾಠ ಮುಗಿಸುತ್ತಾರೆ.

ಹೊರಗೆ ಸವಾರಿ ಹೋದಾಗ ಬೆದರಿದರೆ?

ಮೊದಲ ಸವಾರಿಗಳಲ್ಲಿ ಶಾಂತ ಸ್ವಭಾವದ ಹಳೆಯ ಕುದುರೆಯೊಂದು ಜೊತೆಗಿರಲಿ. ಅದು ಮುಂದೆ ನಡೆದು ತೋರಿಸಿದ ನೀರು, ಸೇತುವೆ, ವಾಹನಗಳನ್ನು ಎಳೆಯದು ಅರ್ಧ ಶ್ರಮದಲ್ಲಿ ಒಪ್ಪಿಕೊಳ್ಳುತ್ತದೆ. ಒಗ್ಗಿದ ಮೇಲೆ ಎರಡನ್ನೂ ಅಕ್ಕಪಕ್ಕ ನಡೆಸಿ, ಆಮೇಲೆ ಎಳೆಯದನ್ನೇ ಮುಂದೆ ಬಿಡಿ. ಇಲ್ಲವಾದರೆ ಇನ್ನೊಂದು ಕುದುರೆಯ ಬಾಲ ಕಾಣದಿದ್ದರೆ ಹೆಜ್ಜೆ ಕೀಳದ ಅಭ್ಯಾಸ ಬೆಳೆಯುತ್ತದೆ.

ಬೆದರಿದ ಕ್ಷಣದಲ್ಲಿ ಎರಡೂ ಲಗಾಮುಗಳನ್ನು ಒಟ್ಟಿಗೆ ಜಗ್ಗಿ ಹಿಡಿದರೆ ಸಿಕ್ಕಿಬಿದ್ದೆನೆಂಬ ಭಯ ಇಮ್ಮಡಿಯಾಗುತ್ತದೆ. ಒಂದೇ ಬದಿಯ ಲಗಾಮಿನಿಂದ ಕತ್ತನ್ನು ನಿಧಾನವಾಗಿ ಬಾಗಿಸಿ ಸಣ್ಣ ವೃತ್ತಕ್ಕೆ ತಿರುಗಿಸುವುದು ಉತ್ತಮ. ಈ ತಿರುವನ್ನು ಮೊದಲು ನಿಂತಲ್ಲಿ, ನಂತರ ನಡಿಗೆಯಲ್ಲಿ ಚೆನ್ನಾಗಿ ಕಲಿಸಿರಬೇಕು. ನಾಗಾಲೋಟದಲ್ಲಿ ಹಠಾತ್ತನೆ ತಿರುಗಿಸಿದರೆ ಕುದುರೆ ಮುಗ್ಗರಿಸಿ ಬೀಳಬಹುದು. ಬೆದರಿದ್ದಕ್ಕೆ ಹೊಡೆಯುವುದು ಅತ್ಯಂತ ಕೆಟ್ಟ ಆಯ್ಕೆ, ಆ ವಸ್ತು ಕಂಡಾಗ ನೋವಾಗುತ್ತದೆ ಎಂಬ ಅದರ ಅನುಮಾನವನ್ನು ನೀವೇ ನಿಜ ಮಾಡಿದಂತಾಗುತ್ತದೆ.

ಚೆನ್ನಾಗಿ ಕಲಿಯುತ್ತಿದ್ದ ಕುದುರೆ ಇದ್ದಕ್ಕಿದ್ದಂತೆ ಮಾತು ಕೇಳುತ್ತಿಲ್ಲ. ಏಕೆ?

ಸ್ವಭಾವವನ್ನು ದೂರುವ ಮೊದಲು ನೋವನ್ನು ಹುಡುಕಿ. ಮುಂದಿನ ಹಾಲುಹಲ್ಲುಗಳು ಸುಮಾರು 2.5, 3.5 ಮತ್ತು 4.5 ವರ್ಷಕ್ಕೆ ಜೋಡಿ ಜೋಡಿಯಾಗಿ ಬಿದ್ದು ಹೊಸವು ಬರುತ್ತವೆ, ಅದೇ ಅವಧಿಯಲ್ಲಿ ದವಡೆಹಲ್ಲುಗಳೂ ಬದಲಾಗುತ್ತವೆ. ಸವಾರಿ ಕಲಿಸುವ ವಯಸ್ಸೂ ಇದೇ ಆಗಿರುವುದರಿಂದ ಕಡಿವಾಣದ ವಿರುದ್ಧ ತಲೆ ಕೊಡವುವ ಎಷ್ಟೋ ಕುದುರೆಗಳಿಗೆ ಬಾಯಿ ನೋಯುತ್ತಿರುತ್ತದೆ. ಎಳೆಯ ಕುದುರೆಯ ಬೆನ್ನಿನ ಆಕಾರ ಕೆಲವೇ ತಿಂಗಳುಗಳಲ್ಲಿ ಬದಲಾಗುತ್ತದೆ, ವರ್ಷದ ಆರಂಭಕ್ಕೆ ಸರಿಹೊಂದಿದ್ದ ಜೀನು ನಡುವರ್ಷಕ್ಕೆ ಭುಜವನ್ನು ಒತ್ತುತ್ತಿರಬಹುದು. ಮೂಗುಪಟ್ಟಿಯ ಕೆಳಗೆ, ಮೂಗಿನ ಮೂಳೆಯ ಮೇಲೆ, ದೊಡ್ಡವರ ಎರಡು ಬೆರಳು ಆರಾಮವಾಗಿ ತೂರಬೇಕು.

ಹೊಟ್ಟೆಯನ್ನೂ ಮರೆಯಬೇಡಿ. ಕುದುರೆಯ ಜಠರದಲ್ಲಿ ಮೇವು ಇರಲಿ ಬಿಡಲಿ ಆಮ್ಲ ಸ್ರವಿಸುತ್ತಲೇ ಇರುತ್ತದೆ, ಅದನ್ನು ತಣಿಸುವ ಜೊಲ್ಲು ಹುಟ್ಟುವುದು ಅಗಿಯುವಾಗ ಮಾತ್ರ. ಗಂಟೆಗಟ್ಟಲೆ ಖಾಲಿ ಹೊಟ್ಟೆಯಲ್ಲಿ ನಿಂತ ಕುದುರೆಗೆ ಹುಣ್ಣಾಗುತ್ತದೆ, ಹುಣ್ಣಾದ ಕುದುರೆ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ಸವಾರಿಗೆ ಮೊದಲು ಎರಡು ಹಿಡಿ ಒಣಹುಲ್ಲು ತಿನ್ನಿಸುವುದು ಒಳ್ಳೆಯದು. ದಿನದಲ್ಲಿ ಸಾಕಷ್ಟು ಹೊತ್ತು ಬಯಲಿನಲ್ಲಿ, ಇನ್ನೊಂದು ಕುದುರೆಯ ಜೊತೆಯಲ್ಲಿ ಕಳೆಯದ ಕುದುರೆಯಿಂದ ಶಾಂತ ಪಾಠವನ್ನು ನಿರೀಕ್ಷಿಸುವುದೂ ತಪ್ಪೇ.

ಸವಾರಿಯ ವೇಳೆ ನೋವನ್ನು ಗುರುತಿಸಲು ಸಂಶೋಧಕರು 24 ವರ್ತನೆಗಳ ಪಟ್ಟಿಯೊಂದನ್ನು ರೂಪಿಸಿದ್ದಾರೆ: ಕಿವಿಗಳನ್ನು ಹೆಚ್ಚು ಹೊತ್ತು ಹಿಂದಕ್ಕೆ ಒತ್ತಿರುವುದು, ಬಾಯಿ ತೆರೆದು ಮುಚ್ಚುತ್ತಿರುವುದು, ಬಾಲವನ್ನು ಮೇಲಿಂದ ಮೇಲೆ ಬೀಸುವುದು, ಮತ್ತೆ ಮತ್ತೆ ಎಡವುವುದು ಮೊದಲಾದವು. ಇವುಗಳಲ್ಲಿ 8 ಅಥವಾ ಹೆಚ್ಚು ಒಟ್ಟಿಗೆ ಕಂಡರೆ ಮೂಳೆ, ಸ್ನಾಯು ಅಥವಾ ಕೀಲಿನ ನೋವಿನ ಸಂಭವ ಬಲವಾಗಿದೆ, ಪಶುವೈದ್ಯರನ್ನು ಕರೆಸಿ. ಅವರು ನೋವಿಲ್ಲ ಎಂದ ಮೇಲೆ ಉಳಿಯುವ ಸಾಧ್ಯತೆ, ಪಾಠ ಬೇಗ ಬೇಗ ಮುಂದೆ ಹೋಯಿತು ಎಂಬುದು. ಕುದುರೆ ನಿರಾಳವಾಗಿ ಮಾಡುತ್ತಿದ್ದ ಹಂತಕ್ಕೆ ಹಿಂದಿರುಗಿ.

ನಾನೂ ಹೊಸಬ, ಕುದುರೆಯೂ ಹೊಸದು. ಇಬ್ಬರೂ ಒಟ್ಟಿಗೆ ಕಲಿಯಬಹುದೇ?

ನನ್ನ ಉತ್ತರ ಬೇಡ ಎಂದೇ. ಲಗಾಮು ಹಿಡಿದು ಸಮತೋಲನ ಕಾಯ್ದುಕೊಳ್ಳುವ ಸವಾರರು ಬಿಡುಗಡೆಯನ್ನು ಸರಿಯಾದ ಗಳಿಗೆಯಲ್ಲಿ ಕೊಡಲಾರರು, ಅದು ಮನಸ್ಸಿನ ಒಳ್ಳೆಯತನದಿಂದ ಸರಿಹೋಗುವ ಕೊರತೆಯಲ್ಲ. ಕುದುರೆ ಈಗಾಗಲೇ ನಿಮ್ಮದಾಗಿದ್ದರೆ ನೆಲದ ಮೇಲಿನ ಪಾಠಗಳನ್ನು ಮಾರ್ಗದರ್ಶಕರ ಎದುರಿನಲ್ಲಿ ನೀವೇ ಮಾಡಿ, ಸವಾರಿಯ ಮೊದಲ ತಿಂಗಳುಗಳನ್ನು ನುರಿತವರಿಗೆ ಬಿಡಿ, ಆ ಸಮಯದಲ್ಲಿ ನೀವು ಪಳಗಿದ ಬೇರೆ ಕುದುರೆಯ ಮೇಲೆ ಕಲಿಯಿರಿ. ಒಪ್ಪಿಸುವ ಮೊದಲು ಆ ತರಬೇತುದಾರರು ಇನ್ನೊಂದು ಎಳೆಯ ಕುದುರೆಯೊಂದಿಗೆ ಕೆಲಸ ಮಾಡುವುದನ್ನು ಪೂರ್ತಿಯಾಗಿ ನಿಂತು ನೋಡಿ, ನೋಡಬೇಡಿ ಎಂದವರಿಗೆ ಒಪ್ಪಿಸಬೇಡಿ.

ಒಮ್ಮೆ ಹೆದರಿಸಿದ್ದಾಯಿತು. ಹೋದ ನಂಬಿಕೆ ಮರಳಿ ಬರುತ್ತದೆಯೇ?

ಕುದುರೆಗಳ ನೆನಪು ವರ್ಷಗಟ್ಟಲೆ ಉಳಿಯುತ್ತದೆ, ಆದ್ದರಿಂದ ಆ ಘಟನೆ ಅಳಿಸಿಹೋಗುತ್ತದೆ ಎಂದು ಎಣಿಸಬೇಡಿ. ಅದರ ಮೇಲೆ ಬೇರೆ ಅನುಭವಗಳನ್ನು ಪೇರಿಸಬಹುದು. ಜೀನು ಜಾರಿ ಗಾಬರಿಯಾಗಿದ್ದರೆ ಮತ್ತೆ ಬಟ್ಟೆ ಮತ್ತು ಹಗ್ಗದ ಪಾಠದಿಂದ ಆರಂಭಿಸಿ, ಬೇರೆ ಜಾಗದಲ್ಲಿ, ಸಾಧ್ಯವಾದರೆ ಬೇರೆ ಜೀನಿನೊಂದಿಗೆ. ಎರಡನೆಯ ಸಲ ಹಂತಗಳು ಬೇಗ ದಾಟುವುದುಂಟು. ಹಾಗೆ ದಾಟಿದರೂ ಯಾವ ಹಂತವನ್ನೂ ಹಾರಿಸಬೇಡಿ. ಮೊದಲ ಕೆಲವು ಪಾಠಗಳಲ್ಲಿ ಕುದುರೆಯ ಬಡಿತವನ್ನು ದವಡೆಯ ಕೆಳಗಿನ ನಾಡಿಯಲ್ಲಿ ಎಣಿಸಿ ನೋಡುವುದು ಉಪಯುಕ್ತ. ವಿಶ್ರಾಂತಿಯಲ್ಲಿ ಅದು ನಿಮಿಷಕ್ಕೆ 28ರಿಂದ 44ರ ನಡುವೆ ಇರುತ್ತದೆ. ಹೊರನೋಟಕ್ಕೆ ಕಲ್ಲಿನಂತೆ ನಿಂತ ಕುದುರೆಯ ನಾಡಿ ಜೀನು ಕಂಡ ಕೂಡಲೇ 60, 70ಕ್ಕೆ ಏರಿದರೆ ಆ ದಿನ ಜೀನನ್ನು ಕಟ್ಟೆಯ ಮೇಲೆ ಇಟ್ಟು, ಅದರ ಪಕ್ಕದಲ್ಲಿ ಹುಲ್ಲು ತಿನ್ನಿಸಿ ಕರೆದೊಯ್ಯಿರಿ.